ಬಗಲಿನ ವಾಸನೆ

ಚಿತ್ತಾಪುರದಲ್ಲಿ ನಮ್ಮ ಮನೆಗೂ ಮಜೀದಸಾಬ ಮಾಸ್ತರರ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಈಚೆ ನನ್ನ ಎರಡು ಎಮ್ಮೆ, ಆಚೆ ಮಾಸ್ತರರು. ವಾಸನೆಯ ಮಾತು ಬಂದರೆ, ಎಮ್ಮೆಗಳ ಮೇಲೆ ನನ್ನ ದೂರೇನೂ ಇರಲಿಲ್ಲ.

ಮಾಸ್ತರರು ಸರ್ಕಾರಿ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದರು. ಅಷ್ಟು ಮೆದು ಮನುಷ್ಯ ನಮ್ಮ ಓಣಿಯಲ್ಲಿ ಮತ್ತೊಬ್ಬರಿರಲಿಲ್ಲ. ಹಾಲು ಮಾರುವ ನನ್ನನ್ನೂ ‘ಅಮ್ಮಾರ’ ಎಂದೇ ಕರೆಯುತ್ತಿದ್ದರು. ಆದರೆ ಒಳ್ಳೆಯ ನಾಲಿಗೆ ಕೊಟ್ಟ ದೇವರು ಅದರ ಜೊತೆ ಅಂಥ ಕಂಕುಳನ್ನೂ ಕೊಟ್ಟಿದ್ದ. ಅವರು ಕೈ ಎತ್ತಿ ಸಲಾಂ ಮಾಡಿದರೆ ಎದುರಿದ್ದವರು ಎರಡು ಹೆಜ್ಜೆ ಹಿಂದೆ ಸರಿದು ತಲೆ ಬಗ್ಗಿಸುತ್ತಿದ್ದರು. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ಶಾಲೆಯಲ್ಲಿ ಅವರ ಕುರ್ಚಿಯನ್ನು ಕಿಟಕಿಗೆ ಹಚ್ಚಿ ಹಾಕಿದ್ದರು. ಪಾಪ, ಇದೆಲ್ಲ ತಮಗೆ ಕೊಡುವ ಮರ್ಯಾದೆ ಎಂದು ಮಾಸ್ತರರು ತಿಳಿದಿದ್ದಾರೆ ಅಂತ ನಾವೆಲ್ಲ ತಿಳಿದಿದ್ದೆವು. ತಿಳಿದಿರಲಿ ಬಿಡು, ಯಾರ ಗಂಟೇನು ಹೋಗುತ್ತದೆ ಎಂದು ಸುಮ್ಮನಿದ್ದೆವು.

ಬಸ್ಸಿನ ಮೇಲೆ ಇನ್ನೂ ಮೈಸೂರು ರಾಜ್ಯ ಎಂದೇ ಬರೆದಿರುತ್ತಿದ್ದ ಕಾಲ ಅದು. ಒಂದು ಬೇಸಿಗೆಯಲ್ಲಿ ಸೇಡಂನ ತಾಜುನ್ನಿಸಾಳೊಡನೆ ಅವರ ಮದುವೆಯಾಯಿತು. ಮಾವ ಅಳಿಯನಿಗೆ ಟೆರಿಲಿನ್ ಅಂಗಿ ಕೊಟ್ಟರು. ಆಗ ಟೆರಿಲಿನ್ ಅಂದರೆ ಸಣ್ಣ ಮಾತಲ್ಲ. ಇಸ್ತ್ರಿ ಬೇಡ, ಸುಕ್ಕು ಬೀಳುವುದಿಲ್ಲ, ಗಾಳಿಯಂತೂ ಒಳಗೆ ಸುಳಿಯುವುದೇ ಇಲ್ಲ. ಹೆಂಡತಿಯ ಮೇಲಿನ ಪ್ರೀತಿಗೆ ಮಾಸ್ತರರು ಅದನ್ನು ದಿನಾ ತೊಟ್ಟರು. ಅದರ ಮೇಲೆ ಶೇರವಾನಿ, ನೆತ್ತಿಯ ಮೇಲೆ ಕಾದ ಪರಸಿ ಚಪ್ಪಡಿಯ ಮಾಳಿಗೆ. ಸಂಜೆ ತೊಯ್ದು ತೊಪ್ಪೆಯಾದದ್ದನ್ನು ಗೂಟಕ್ಕೆ ಸಿಕ್ಕಿಸುವುದು, ಬೆಳಿಗ್ಗೆ ಒಣಗಿದ್ದನ್ನೇ ಮತ್ತೆ ಹಾಕಿಕೊಳ್ಳುವುದು. ಕಂಕುಳಲ್ಲಿ ಹಳದಿ ಕಲೆ, ಅದರ ಸುತ್ತ ಬೆವರಿನ ಉಪ್ಪು ಬಿಳಿ ಗೆರೆ ಕಟ್ಟಿತ್ತು. ಊಟಕ್ಕೆ ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ. ಇಷ್ಟು ಸಾಲದೆಂದು ಹೊಸ ಮದುಮಗನ ಅತ್ತರು ಬೇರೆ. ಎರಡೂ ಕೂಡಿ ಗೋಡೆ ದಾಟಿ ಬಂದಾಗ ನನ್ನ ಎಮ್ಮೆಗಳು ಮೇವು ಬಿಟ್ಟು ಮೂತಿ ಎತ್ತುತ್ತಿದ್ದವು.

ಆ ಹುಡುಗಿ ಹಿತ್ತಲಿನಿಂದ ಬಂದು ನನ್ನ ಕೊಟ್ಟಿಗೆಯಲ್ಲಿ ಕೂರತೊಡಗಿದಳು.

“ಮನ್ಯಾಗ ಯಾಕ ಕುಂದ್ರಂಗಿಲ್ಲವ್ವಾ?” ಎಂದೆ ಒಮ್ಮೆ.

“ಇಲ್ಲಿ ಗಾಳಿ ಛಲೋ ಅದಮ್ಮಾ” ಎಂದಳು.

ಸಗಣಿ ರಾಶಿಯ ಪಕ್ಕ ಛಲೋ ಗಾಳಿ! ಮತ್ತೇನೂ ಕೇಳದೆ ಕೂರಲು ಒಂದು ಮಣೆ ಹಾಕಿಕೊಟ್ಟೆ.

ಮಳೆಗಾಲ ಬರುವಷ್ಟರಲ್ಲಿ ಅವಳು ತವರಿಗೆ ಹೋದಳು. ಹೋದವಳು ಬರಲಿಲ್ಲ. ಕೊನೆಗೆ ಅವಳ ತಾಯಿಯ ತಂಗಿ ಮಾಶಾಬಿ ಬಂದು, ಬಾಗಿಲಲ್ಲೇ ನಿಂತು, ನೆಲ ನೋಡುತ್ತ ಮಾಸ್ತರರಿಗೆ ಒಂದು ಮಾತು ಹೇಳಿ, ಚಹಾ ಕೂಡ ಕುಡಿಯದೆ ಹೊರಟುಹೋದಳು. ಆ ಮಾತು ಹೊತ್ತುಕೊಂಡು ಮಾಸ್ತರರು ನೆಟ್ಟಗೆ ನನ್ನ ಬಾಗಿಲಿಗೆ ಬಂದರು. ಕೈಯಲ್ಲಿ ಟೋಪಿ ಹಿಂಡುತ್ತಿದ್ದರು.

“ಅಮ್ಮಾರ, ಹ್ಯಾಂಗ ಹೇಳಲಿ ತಿಳಿಯವಲ್ದು. ನಮ್ಮ ಮನ್ಯಾಕಿ ಬರಂಗಿಲ್ಲ ಅಂತಾಳ. ಬಗಲಿನ ವಾಸನಿ ತಡಕೊಳ್ಳಲಿಕ್ಕ ಆಗವಲ್ದಂತ. ಅದು ಹೋದ್ರ ಬರ್ತಾಳಂತ. ನಿಮ್ಮ ಎಮ್ಮಿ... ನಿಮ್ಮ ಹೊಟ್ಟಿ ಮ್ಯಾಲ ಹೊಡಿಬೇಕಂತ ಅಲ್ರಿ. ಆಕಿ ಬರಲಿಲ್ಲಂದ್ರ ನನ್ನ ಸಂಸಾರ ಮುಗಿದಂಗ.”

ನಮ್ಮ ಕಡೆ ಬಗಲ ಎಂದರೆ ಪಕ್ಕವೂ ಹೌದು, ಕಂಕುಳೂ ಹೌದು. ಬಗಲ ಮನೆ ಎಂದರೆ ಪಕ್ಕದ ಮನೆ. ಆ ಹುಡುಗಿ ಯಾವ ಬಗಲು ಹೇಳಿದ್ದಾಳೆ ಎಂಬುದು ನನಗೆ ಕ್ಷಣದಲ್ಲಿ ತಿಳಿಯಿತು. ‘ಮಾಸ್ತರ, ನನ್ನ ಬಗಲಲ್ಲ, ನಿಮ್ಮ ಬಗಲು’ ಎಂಬ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಓಣಿಗೆಲ್ಲ ಅವರದೊಂದೇ ಸಾಬರ ಮನೆ. ನಾನು ಲಿಂಗ ಕಟ್ಟಿದವಳು. ನನ್ನ ಬಾಯಿಂದ ‘ನೀವು ನಾರುತ್ತೀರಿ’ ಎಂದು ಬಂದರೆ ಅದನ್ನು ಅವರು ಮೂಗಿನ ಮಾತು ಎಂದುಕೊಳ್ಳುತ್ತಾರೋ, ಜಾತಿಯ ಮಾತು ಎಂದುಕೊಳ್ಳುತ್ತಾರೋ? ಅಂಥ ಮೆದು ಮನುಷ್ಯನ ಎದೆಗೆ ಕಲ್ಲು ಹಾಕುವುದು ನನ್ನಿಂದ ಆಗಲಿಲ್ಲ.

“ಆಗಲ್ರಿ ಮಾಸ್ತರ” ಎಂದೆ. “ಎಮ್ಮಿ ರಾವೂರಿಗೆ ಕಳಸ್ತೀನಿ. ನಮ್ಮ ತಮ್ಮನ ಮನ್ಯಾಗ ಇರ್ತಾವ.”

ಒಂದು ಮಾತು ಆಡುವುದಕ್ಕಿಂತ ಎರಡು ಎಮ್ಮೆ ಸಾಗಿಸುವುದು ಹಗುರ ಎನಿಸಿತು. ಎಂಥ ಜಾಣೆ ನೋಡಿ ನಾನು. ಎಮ್ಮೆ ಹೊರಟಾಗ ಓಣಿಯವರೆಲ್ಲ ಬಾಗಿಲಿಗೆ ಬಂದು, ಯಾಕ ಶಿವಕಾಂತಮ್ಮ ಎಂದು ಕೇಳಿದರು. ಮಾಸ್ತರರ ಹೆಂಡತಿಗೆ ವಾಸನಿ ಆಗಂಗಿಲ್ಲಂತ ಎಂದೆ. ಎಲ್ಲರೂ ಒಮ್ಮೆ ಎಮ್ಮೆಗಳನ್ನು ನೋಡಿದರು, ಒಮ್ಮೆ ಮಾಸ್ತರರ ಬಾಗಿಲು ನೋಡಿದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಒಳ್ಳೆಯತನದಲ್ಲಿ ನಮ್ಮ ಓಣಿಯನ್ನು ಮೀರಿಸುವವರಿಲ್ಲ.

ಮಾಸ್ತರರು ತಾವೇ ನಿಂತು ನನ್ನ ಕೊಟ್ಟಿಗೆಗೆ ಫಿನಾಯಿಲ್ ಹೊಡೆದರು, ಲೋಬಾನದ ಹೊಗೆ ಹಾಕಿದರು. ಆ ದುಡಿತಕ್ಕೆ ಬೆವರಿ ನೀರಾದರು. ಆಮೇಲೆ ಅದೇ ಟೆರಿಲಿನ್ ತೊಟ್ಟು, ಇನ್ನಷ್ಟು ಅತ್ತರು ಹಚ್ಚಿಕೊಂಡು ಸೇಡಂನ ರೈಲು ಹತ್ತಿದರು. ಬಗಲಿನ ವಾಸನೆ ಪೂರಾ ಹೋಯಿತು ಎಂದು ಅತ್ತೆ-ಮಾವಂದಿರಿಗೆ ಆಣೆ ಇಟ್ಟು ಹೇಳಿದರು; ಆಣೆ ಇಟ್ಟ ಅಳಿಯನಿಗೆ ಇಲ್ಲ ಎನ್ನಲಾಗದೆ ಅವರು ಒತ್ತಾಯ ಮಾಡಿ ಕಳಿಸಿದ ಹೆಂಡತಿಯನ್ನು ಕರೆತಂದರು.

ಸ್ಟೇಶನ್ನಿನಿಂದ ಟಾಂಗಾ ಬಂದು ನಿಂತಿತು. ಟ್ರಂಕು ಇಳಿಸಿಕೊಂಡ ತಾಜುನ್ನಿಸಾ ಮನೆಯೊಳಗೆ ಹೋಗದೆ ನನ್ನ ಕೊಟ್ಟಿಗೆಗೆ ಬಂದಳು.

“ಎಮ್ಮಿ ಎಲ್ಲಿ ಹ್ವಾದವಮ್ಮಾ?”

“ನಿನಗಂತನೇ ತಗಸೀನಿ” ಎಂದರು ಹಿಂದೆಯೇ ಬಂದ ಮಾಸ್ತರರು, ಎದೆಯುಬ್ಬಿಸಿ. “ಅಮ್ಮಾರು ಭಾಳ ದೊಡ್ಡ ಮನಸು ಮಾಡ್ಯಾರ.”

ಅವಳು ನನ್ನ ಮುಖ ನೋಡಿದಳು. ನಾನು ಖಾಲಿ ಗೂಟ ನೋಡಿದೆ. ಅವಳು ಟಾಂಗಾದವನಿಗೆ ಅಲ್ಲೇ ನಿಲ್ಲಲು ಹೇಳಿ ಗಂಡನ ಕಡೆ ತಿರುಗಿದಳು. ಅವರಿಬ್ಬರ ಮಾತು ಯಾವಾಗಲೂ ಉರ್ದುವಿನಲ್ಲಿ. ಅಂದು ನಾನೂ ಕೇಳಲಿ ಎಂದೇ ಕನ್ನಡದಲ್ಲಿ ಹೇಳಿದಳು.

“ಎಮ್ಮಿ ವಾಸನಿ ಅಂತ ಯಾರಂದ್ರು? ಬಗಲ ಅಂದ್ರ ಇದು!” ತನ್ನ ತೋಳೆತ್ತಿ ಕಂಕುಳು ತಟ್ಟಿ ತೋರಿಸಿದಳು. “ನಿಮ್ಮದು. ಸೇಡಂದಿಂದ ಇಲ್ಲೀತನಾ ಕಿಟಕ್ಯಾಗ ಮಾರಿ ಇಟ್ಟು ಬಂದೀನಿ.”

ಅವಳು ನಿಲ್ಲಿಸಲಿಲ್ಲ. ಹೇಳುವಾಗ ಅಳುತ್ತಿದ್ದಳು.

“ನಾಚಿಕಿ ಬಿಟ್ಟು ಡಾಕ್ಟರಬಾಯಿಗೆ ಕೇಳೀನಿ. ಬೆವರಿಗೆ ವಾಸನಿ ಇರಂಗಿಲ್ಲಂತ. ಬಗಲಾಗ ಬೆಚ್ಚಗ ಮುಚ್ಚಿಕೊಂಡು ನಿಂತ್ರ ಅದರಾಗ ಹುಳ ಬೆಳದು ನಾರ್ತದಂತ, ಕಣ್ಣಿಗೆ ಕಾಣದಂಥ ಹುಳ. ಈ ಅಂಗಿ ಬೆವರು ಆರಗೊಡಂಗಿಲ್ಲ. ಅತ್ತರ ಹಚ್ಚಿದ್ರ ಇನ್ನಾ ಕೆಡ್ತದ. ಕೂದಲಾ ತಗಸ್ರಿ, ಎರಡೂ ಹೊತ್ತು ಸಾಬೂನು ಹಚ್ಚಿ ತೊಳೀರಿ, ಒಣಾ ಒರಸ್ರಿ. ಕ್ಷೌರದವರು ಗಾಯಕ್ಕ ಹಚ್ಚೋ ಫಿಟಕರಿ ತಿಕ್ರಿ. ಹತ್ತಿ ಅಂಗಿ ತೊಡ್ರಿ, ದಿನಾ ಒಗದದ್ದು. ಅಷ್ಟಕ್ಕೂ ಹೋಗಲಿಲ್ಲಂದ್ರ ಔಷಧ ಕೊಡ್ತೀನಿ ಅಂದಾಳ. ಇದಕ್ಕ ನಿಮಗ ಸಿಟ್ಟು ಬಂದ್ರ ಈಗೇ ಹೇಳ್ರಿ. ಟಾಂಗಾ ಇನ್ನಾ ನಿಂತದ.”

ಮುಗಿಯಿತು ಎಂದುಕೊಂಡೆ. ಎಂಥ ಮೆದು ಗಂಡಸಾದರೂ ಇಷ್ಟನ್ನು ಬೇರೆಯವರ ಮನೆಯ ಕೊಟ್ಟಿಗೆಯಲ್ಲಿ ನಿಂತು ನುಂಗುತ್ತಾನೆಯೇ? ಮಾಸ್ತರರು ಹೆಂಡತಿಯನ್ನು ನೋಡಲಿಲ್ಲ, ನನ್ನ ಕಡೆ ತಿರುಗಿದರು.

“ಅಮ್ಮಾರ, ನಿಮಗ ಗೊತ್ತಿತ್ತಾ?”

“ಗೊತ್ತಿತ್ರಿ.”

“ಓಣ್ಯಾಗಿನವರಿಗೆ?”

“ಎಲ್ಲಾರಿಗೂ.”

“ಶಾಲ್ಯಾಗ ನನ್ನ ಕುರ್ಚಿ ಕಿಟಕಿಗೆ ಹಾಕಿದ್ದು?”

“ಅದಕ್ಕೇ ಇರಬೇಕ್ರಿ.”

“ನೀವು ಹಾಲಿನ ಚಂಬು ಕಟ್ಟಿ ಮ್ಯಾಲ ಇಟ್ಟು ಒಳಗ ಹೋಗ್ತಿದ್ರಿ. ನಾ ಹೋದ ಮ್ಯಾಲೆ ಹೊರಗ ಬರ್ತಿದ್ರಿ...”

“ಅದಕ್ಕರೀ” ಎಂದೆ.

ಅವರು ಎಮ್ಮೆಯ ಗೋದಲಿಯ ಅಂಚಿನಲ್ಲಿ ಕುಸಿದು ಕೂತರು.

“ಹಂಗಾದ್ರ, ನಾ ಸಾಬ ಅಂತ ಅಲ್ಲಾ?”

ಮರ್ಯಾದೆ ಎಂದು ತಿಳಿದು ಸುಖವಾಗಿದ್ದಾರೆ ಎಂದು ನಾವು ಯಾರನ್ನು ಅಂದುಕೊಂಡಿದ್ದೆವೋ, ಆ ಮನುಷ್ಯ ಸಾಬ ಎಂದೇ ನಾವು ದೂರ ಇಡುತ್ತೇವೆ ಎಂಬುದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೇ ನಮಗೆಲ್ಲ ಸಲಾಂ ಮಾಡಿದ್ದ. ಯಾವ ಮಾತು ಅವರ ಕಿವಿಗೆ ಬೀಳಬಾರದೆಂದು ನಾನು ಎಮ್ಮೆ ಸಾಗಿಸಿದೆನೋ, ಅದನ್ನು ಅವರು ನನ್ನ ಬಾಯಿ ಮುಚ್ಚಿದ್ದಾಗಲೇ ದಿನಾ ಕೇಳಿಸಿಕೊಂಡಿದ್ದರು. ನನಗೆ ದುಃಖಕ್ಕಿಂತ ಮುಂಚೆ ಸಿಟ್ಟೇ ಬಂತು.

“ನನ್ನ ಏನಂತ ತಿಳಿದಿದ್ರಿ ಮಾಸ್ತರ!” ಎಂದು ಜೋರಾಗಿಯೇ ಅಂದೆ.

ಮಾಸ್ತರರು ನಗತೊಡಗಿದರು. ಕಣ್ಣಲ್ಲಿ ನೀರು, ಹೊಟ್ಟೆ ಹಿಡಿದುಕೊಂಡು ನಗು. ನಗುತ್ತಲೇ ಎದ್ದು, ನಮ್ಮಿಬ್ಬರ ಎದುರೇ ಟೆರಿಲಿನ್ ಅಂಗಿಯ ಗುಂಡಿ ಬಿಚ್ಚಿದರು.

“ಇದು ತೊಳದ್ರ ಹೋಗ್ತದಲ್ರಿ ಅಮ್ಮಾರ” ಎಂದರು. “ಅದು ಹೋಗ್ತಿದ್ದಿಲ್ಲ.”

ತಾಜುನ್ನಿಸಾ ಸೆರಗಿನಿಂದ ಮುಖ ಒರೆಸಿಕೊಂಡು, ಟಾಂಗಾದವನಿಗೆ ಹೋಗಲು ಹೇಳಿ, ಟ್ರಂಕು ಎತ್ತಿಕೊಂಡು ತಮ್ಮ ಮನೆಯೊಳಗೆ ನಡೆದಳು.