ಏಳನೆಯ ಹಾರ್ನ್

ಮನೆಯಲ್ಲಿ ಕೂತು ಇಪ್ಪತ್ತೆರಡು ದಿನವಾದ ಮೇಲೆ, ಒಂದು ಬೆಳಿಗ್ಗೆ ಹೆಂಡತಿ ಅವನ ಚಪ್ಪಲಿಯನ್ನು ತಾನೇ ತಂದು ಬಾಗಿಲ ಬಳಿ ಇಟ್ಟಳು.

"ರೀ, ನಾನು ಕೆಲಸಕ್ಕೆ ಹೊರಟೆ. ನೀವು ಗುಬ್ಬಿ ಮನೆಗೆ ಹೋಗಿ ಬನ್ನಿ. ಅವಳ ಆಟದ ರೈಲಿಗೆ ಸದ್ದು ಬರ್ತಿಲ್ವಂತೆ. ಎರಡು ಸಲ ಫೋನ್ ಮಾಡಿದ್ಲು."

"ಅದಕ್ಕೆ ನಾನೇನು ಮಾಡ್ಲಿ? ನಾನೇನು ರಿಪೇರಿಯವನಾ?"

"ಏನೂ ಮಾಡ್ಬೇಡಿ. ಇಲ್ಲಿ ಕೂರೋದನ್ನ ಅಲ್ಲಿ ಹೋಗಿ ಕೂತ್ಕೊಳ್ಳಿ, ಅಷ್ಟೇ."

ಅವನು ಹೊರಟ. ಹೋಗು ಅಂದರೆ ಹೋಗುವುದು, ಉಣ್ಣು ಅಂದರೆ ಉಣ್ಣುವುದು, ಈಚೆಗೆ ಅವನು ಹಾಗೆಯೇ ಇದ್ದ. ಎದುರು ಮಾತಾಡಲು ಒಂದು ಇಷ್ಟವೋ ಒಂದು ಬೇಸರವೋ ಇರಬೇಕಲ್ಲ, ಅದು ಇರಲಿಲ್ಲ.

ಇಪ್ಪತ್ತಾರು ವರ್ಷ ಅವನು ರೈಲು ಓಡಿಸಿದವನು. ಜೊತೆಯ ಚಾಲಕರು ಅವನನ್ನು ನಿಧಾನಪ್ಪ ಎಂದು ಕರೆಯುತ್ತಿದ್ದರು. ಗಾಡಿ ನಿಧಾನ ಅಂತಲ್ಲ, ಅವನ ಗಾಡಿ ನಿಂತದ್ದು ಒಳಗೆ ಮಲಗಿದವರಿಗೆ ಗೊತ್ತೇ ಆಗುತ್ತಿರಲಿಲ್ಲ ಅಂತ. ಅಂಥವನ ಗಾಡಿಗೆ, ಒಂದು ಮಧ್ಯಾಹ್ನ, ತಿರುವು ದಾಟಿ ಹಳಿ ನೆಟ್ಟಗಾಗುವ ಜಾಗದಲ್ಲಿ, ಹಳಿಗಳ ನಡುವೆ ನಿಂತಿದ್ದ ಒಬ್ಬ ಮನುಷ್ಯ ಸಿಕ್ಕಿದ. ಇವನು ಹಾರ್ನ್ ಹೊಡೆದ, ಬ್ರೇಕ್ ಎಳೆದ. ಒಂಬತ್ತು ಬೋಗಿಯ ಗಾಡಿ ನಿಲ್ಲುವಾಗ ನಿಲ್ಲುತ್ತದೆ, ನಾವು ಅಂದುಕೊಂಡಾಗ ಅಲ್ಲ. ಆ ಮನುಷ್ಯ ಬದುಕಲಿಲ್ಲ.

ನಿಮ್ಮ ತಪ್ಪೇನೂ ಇಲ್ಲ ಎಂದು ಎಲ್ಲರೂ ಹೇಳಿದರು. ಎಷ್ಟು ದಿನ ಬೇಕೋ ಅಷ್ಟು ರಜೆ ತೆಗೆದುಕೊಳ್ಳಿ ಎಂದು ಕಚೇರಿಯವರು ಹೇಳಿದರು. ಇಲಾಖೆಯ ವೈದ್ಯರ ಬಳಿಗೂ ಕಳಿಸಿದರು.

"ನಿದ್ದೆ ಬರುತ್ತಾ?" ಎಂದು ವೈದ್ಯರು ಕೇಳಿದರು.

"ಬರುತ್ತೆ."

"ಊಟ?"

"ಎರಡು ಸಲ ಬಡಿಸಿಕೊಳ್ತೀನಿ."

ವೈದ್ಯರು ಏನೋ ಬರೆದುಕೊಂಡರು. ನಿಜಕ್ಕೂ ಅವನಿಗೆ ಕೊರಡಿನ ಹಾಗೆ ನಿದ್ದೆ ಬರುತ್ತಿತ್ತು. ಕನಸಿಲ್ಲ, ಬೆಚ್ಚಿ ಬೀಳುವುದಿಲ್ಲ. ಇದಕ್ಕೆ ನಾಚಿಕೆಯಾಗಬೇಕಿತ್ತು ಎಂದು ಅವನಿಗೆ ತಿಳಿಯುತ್ತಿತ್ತು, ಆದರೆ ನಾಚಿಕೆಯೂ ಆಗುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆಯನ್ನು ಬೆರಳಿಂದ ಒತ್ತಿ ನೋಡಿದರೆ ಬೆರಳಿಗೆ ದವಡೆ ಸಿಗುತ್ತದೆ, ದವಡೆಗೆ ಬೆರಳು ಸಿಗುವುದಿಲ್ಲ. ಮೈಯೆಲ್ಲ ಹಾಗಿತ್ತು.

ಗುಬ್ಬಿ ಅವನ ತಂಗಿ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಕಿವಿಯಂತ್ರಗಳ ರಿಪೇರಿ ಅಂಗಡಿ ಇಟ್ಟುಕೊಂಡು ಆರಾಮಾಗಿ ಇದ್ದವಳು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ದಿನವಿಡೀ ಕಿವಿ ಕೇಳದವರ ಜೊತೆ ಮಾತಾಡಿ ಮಾತಾಡಿ ಅವಳ ದನಿಯೇ ದೊಡ್ಡದಾಗಿಬಿಟ್ಟಿತ್ತು. ಗುಟ್ಟು ಹೇಳಿದರೆ ಪಕ್ಕದ ಬೀದಿಗೆ ಕೇಳುತ್ತದೆ ಎಂದು ಅವನ ಹೆಂಡತಿ ತಮಾಷೆ ಮಾಡುತ್ತಿದ್ದಳು.

"ಬಾ ಅಣ್ಣ! ಸರಿಯಾದ ಹೊತ್ತಿಗೆ ಬಂದೆ," ಎಂದು ಗುಬ್ಬಿ ಕೂಗಿದಳು. ಹೇಗಿದ್ದೀಯ ಎಂದು ಕೇಳಲಿಲ್ಲ. ಅವನನ್ನು ನೆಟ್ಟಗೆ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು.

ಆ ಕೋಣೆಯಲ್ಲಿ ಮಂಚಕ್ಕೆ ಜಾಗವಿರಲಿಲ್ಲ. ಗೋಡೆಯಿಂದ ಗೋಡೆಗೆ ಒಂದು ಹಲಗೆ, ಅದರ ಮೇಲೆ ಹಳಿ, ಸುರಂಗ, ಎರಡು ನಿಲ್ದಾಣ, ಬೆಂಕಿಕಡ್ಡಿಯಷ್ಟು ದಪ್ಪದ ಸಿಗ್ನಲ್ ಕಂಬಗಳು. ಮೇಜಿನ ಮೇಲೆ ಒಂದು ಡೀಸೆಲ್ ಎಂಜಿನ್ ಮೇಲ್ಹೊದಿಕೆ ತೆಗೆಸಿಕೊಂಡು ಬೆತ್ತಲೆ ಕೂತಿತ್ತು. ಅಂಗೈಗಿಂತ ಸ್ವಲ್ಪ ಉದ್ದ. ಅವನು ಓಡಿಸುತ್ತಿದ್ದ ಎಂಜಿನ್ನಿನ ಅಚ್ಚೇ ಅದು, ಪಕ್ಕದಲ್ಲಿಟ್ಟಿದ್ದ ಹೊದಿಕೆಯ ಬಣ್ಣವೂ ಅದೇ. ಗುಬ್ಬಿ ಅದನ್ನು ಮುಚ್ಚಿಡುವ ಗೋಜಿಗೆ ಹೋಗಿರಲಿಲ್ಲ. ಅವನಿಗೂ ಏನೂ ಅನಿಸಲಿಲ್ಲ.

"ನೋಡು, ಈ ಚಿಪ್ ಇದೆಯಲ್ಲ, ಇದರೊಳಗೆ ಎಲ್ಲಾ ಸದ್ದೂ ತುಂಬಿರುತ್ತೆ. ಹಳಿಯಲ್ಲಿ ಕರೆಂಟ್ ಜೊತೆಗೇ ಆಜ್ಞೆ ಬರುತ್ತೆ. ನಾನು ಕೈಯಲ್ಲಿರೋ ರಿಮೋಟಿನ ಗುಂಡಿ ಒತ್ತಿದ್ರೆ, ಇದು ಕೇಳಿಸಿಕೊಂಡು, ಮೋಟಾರಿಗೆ ಓಡು ಅನ್ನುತ್ತೆ, ಸ್ಪೀಕರಿಗೆ ಕೂಗು ಅನ್ನುತ್ತೆ. ಓಡೋದೇನೋ ಓಡ್ತಿದೆ. ಕೂಗೋದಿಲ್ಲ."

"ತಂತಿ ಬಿಟ್ಟಿರಬೇಕು."

"ಅಯ್ಯೋ ಮಹಾನುಭಾವ, ಅದು ನನಗೂ ಹೊಳೀತು. ಆದ್ರೆ ಮೊದಲು ಸ್ಪೀಕರಿಗೆ ಜಾಗ ಆಗಬೇಕು. ನಿನ್ನ ಕೈ ಖಾಲಿ ಇದೆಯಲ್ಲ, ತಗೋ."

ಅವಳು ಎಂಜಿನ್ನಿನ ಹೊಟ್ಟೆಯಲ್ಲಿದ್ದ ಸೀಸದ ತೂಕವನ್ನು ಬಿಚ್ಚಿ, ಅದರ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ಒಂದು ಅರವನ್ನು ಅವನ ಕೈಗಿಟ್ಟಳು. ಗೆರೆಯವರೆಗೆ ಉಜ್ಜಿ ಸವೆಸಬೇಕು. ಸೀಸದ ಪುಡಿ ಒಳ್ಳೆಯದಲ್ಲ ಎಂದು ಒದ್ದೆ ಕಾಗದ ಹಾಸಿ, ಕೈಗವಸು ತೊಡಿಸಿ, ಬಾಯಿಗೆ ಬಟ್ಟೆ ಕಟ್ಟಿಸಿದಳು. ಅಷ್ಟರಲ್ಲಿ ಮುಂದೆ ಗಿರಾಕಿ ಬಂದರು, ಹೋದಳು.

ಅವನು ಉಜ್ಜಿದ. ಮುಂದಿನಿಂದ ಗುಬ್ಬಿಯ ದನಿ ಬರುತ್ತಿತ್ತು. "ಈಗ ಕೇಳುತ್ತಾ? ಕೇಳುತ್ತಾ? ಹಾಗಿದ್ರೆ ಯಾಕೆ ತಲೆ ಅಲ್ಲಾಡಿಸ್ತೀರಿ!" ಒಂದು ಗಂಟೆ ಕಳೆದಿರಬೇಕು. ತಾನು ಏನನ್ನೂ ಯೋಚಿಸಲಿಲ್ಲ ಎಂಬುದು ಅವನಿಗೆ ಗೆರೆ ಮುಟ್ಟಿದ ಮೇಲೆ ಗೊತ್ತಾಯಿತು.

ಸ್ಪೀಕರ್ ಎಂದರೆ ಉಗುರಿನಷ್ಟು. ಅದರ ಹಿಂಬದಿ ಬಯಲಾಗಿದ್ದರೆ ಮುಂದಿನ ಸದ್ದನ್ನು ಹಿಂದಿನ ಸದ್ದೇ ತಿಂದುಹಾಕುತ್ತದೆ ಎಂದು ಗುಬ್ಬಿ ಹೇಳಿದಳು. ಅದಕ್ಕೆ ತೆಳು ಪ್ಲಾಸ್ಟಿಕ್ ಹಾಳೆಯಿಂದ ಒಂದು ಪುಟ್ಟ ಪೆಟ್ಟಿಗೆ ಅಂಟಿಸಿ, ಗಾಳಿ ಆಡದ ಹಾಗೆ ಮುಚ್ಚಿದಳು. ಅವನು ಸವೆಸಿದ ಜಾಗದಲ್ಲಿ ಅದು ಲಕ್ಷಣವಾಗಿ ಕೂತಿತು. ಎರಡು ಕಂದು ತಂತಿಗಳ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ, "ಹಿಡಿದೇ ಇಲ್ಲ ಇದು, ಸುಮ್ನೆ ಮುಟ್ಟಿಕೊಂಡು ಕೂತಿದೆ," ಎಂದು ಬೈದುಕೊಂಡು ಮತ್ತೆ ಬೆಸೆದಳು. ಎಂಜಿನ್ನನ್ನು ಹಳಿಗೆ ಹತ್ತಿಸಿ ಗುಂಡಿ ಒತ್ತಿದಳು.

ಕೆಮ್ಮಿದ ಹಾಗೆ ಎರಡು ಸಲ ಆಗಿ, ಎಂಜಿನ್ ಚಾಲೂ ಆಯಿತು.

ಸದ್ದು ಚಿಕ್ಕದು. ಆದರೆ ಸುಳ್ಳಾಗಿರಲಿಲ್ಲ. ನಿಂತಲ್ಲೇ ಗುರುಗುಟ್ಟುವುದು, ನಡುವೆ ಗಾಳಿ ತುಂಬುವ ಪಂಪಿನ ಟಕಟಕ, ಆಮೇಲೆ ಉಸ್ ಎಂದು ಗಾಳಿ ಬಿಡುವುದು. ಗುಬ್ಬಿ ಚಪ್ಪಾಳೆ ತಟ್ಟಿದಳು. ವೇಗ ಕೊಟ್ಟಳು, ಎಂಜಿನ್ ಹೊರಟಿತು.

"ತಪ್ಪು," ಅಂದ ಅವನು.

"ಏನು ತಪ್ಪು?"

"ಗಾಲಿ ತಿರುಗಿದ ಮೇಲೆ ಎಂಜಿನ್ ದನಿ ಏರುತ್ತಿದೆ. ಹಾಗಾಗಲ್ಲ. ಮೊದಲು ಎಂಜಿನ್ ಕೂಗುತ್ತೆ, ಬೋಗಿ ಎಲ್ಲ ಒಂದೊಂದಾಗಿ ಬಿಗಿಯಾಗ್ತವೆ, ಆಮೇಲೆ ಗಾಲಿ. ಅಷ್ಟು ಭಾರ ಹಾಗೆಲ್ಲ ತಟ್ಟನೆ ಏಳಲ್ಲ."

ಇಷ್ಟುದ್ದ ಮಾತು ಅವನ ಬಾಯಿಂದ ಬಂದದ್ದು ಮೂರು ವಾರದಲ್ಲಿ ಅದೇ ಮೊದಲು. ಗುಬ್ಬಿ ಅದನ್ನು ಕಂಡೂ ಕಾಣದವಳ ಹಾಗೆ ಕಂಪ್ಯೂಟರ್ ತೆರೆದು ಕೂತಳು. ಚಿಪ್‌ನೊಳಗೆ ಒಂದೊಂದು ಸ್ವಭಾವಕ್ಕೂ ಒಂದೊಂದು ಅಂಕಿ. ಗಾಲಿ ಎಷ್ಟು ತಡವಾಗಿ ಹೊರಡಬೇಕು, ಬ್ರೇಕಿನ ಕಿರುಚಾಟ ಯಾವ ವೇಗಕ್ಕೆ ಶುರುವಾಗಬೇಕು, ಎಲ್ಲಕ್ಕೂ. ಅವನು ಹೇಳಿದ, ಅವಳು ಬದಲಾಯಿಸಿದಳು. ಇನ್ನೂ ತಡ. ಸ್ವಲ್ಪ ಕಡಿಮೆ. ಹಾಂ, ಸಾಕು. ಮಧ್ಯಾಹ್ನದ ಊಟ ಅಲ್ಲೇ ನಿಂತುಕೊಂಡೇ ಆಯಿತು.

"ಇನ್ನು ಹಾರ್ನ್ ಒಂದು ಉಳೀತು," ಅಂದಳು ಗುಬ್ಬಿ. ಅಂದವಳು ಅವನ ಮುಖ ನೋಡಿದಳು. "ಅದು ಆಮೇಲೆ ಮಾಡೋಣ ಬಿಡು."

"ಎಷ್ಟಿವೆ?"

"ಹನ್ನೆರಡು ಥರ. ಯಾವುದೋ ಒಂದು ಹಾಕ್ಕೊಂಡ್ರಾಯ್ತು."

"ಕೇಳಿಸು."

ಅವಳು ಒಂದೊಂದಾಗಿ ಕೇಳಿಸಿದಳು. ಒಂದು, ಅಲ್ಲ. ಎರಡು, ಅಲ್ಲ. ಮೂರನೆಯದು ಹಡಗಿನ ಹಾಗಿತ್ತು. ಐದನೆಯದಕ್ಕೆ ಗುಬ್ಬಿಗೇ ನಗು ಬಂತು, ನೆಗಡಿಯಾದ ಎಮ್ಮೆ ಅಂದಳು. ಏಳನೆಯದು ಬಂದಾಗ ಅವನು ಕೈ ಎತ್ತಿದ.

"ಇದೇ. ಕೊಡು ಇಲ್ಲಿ."

ರಿಮೋಟನ್ನು ತೆಗೆದುಕೊಂಡ. ಎಂಜಿನ್ ಹಲಗೆಯ ಸುತ್ತ ಓಡುತ್ತಿತ್ತು. ಅದು ಸುರಂಗ ದಾಟಿ ನೆಟ್ಟಗಿನ ಹಳಿಗೆ ಬಂದಾಗ ಅವನು ಹಾರ್ನ್ ಒತ್ತಿದ, ಒತ್ತಿ ಹಿಡಿದ. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದ. ಆರಕ್ಕೆ ಬಂದಾಗ ಬೆರಳು ತೆಗೆದ. ಎಂಜಿನ್ ಓಡುತ್ತಲೇ ಇತ್ತು, ಅವನು ಎಣಿಸುತ್ತಲೇ ಇದ್ದ. ಹತ್ತಕ್ಕೆ ಎಣಿಕೆ ನಿಲ್ಲಿಸಿದ.

"ನಾಲ್ಕು ಸೆಕೆಂಡ್," ಅಂದ.

"ಏನಣ್ಣ ನಾಲ್ಕು ಸೆಕೆಂಡ್?"

"ಬ್ರೇಕ್ ಎಳೆದಾಗಿತ್ತು. ಆರು ಸೆಕೆಂಡ್ ಹಾರ್ನ್ ಹೊಡೆದೆ. ಅವನು ತಿರುಗಿ ನನ್ನನ್ನ ನೋಡಿದ. ಆಗ ನಾನು ಕೈ ತೆಗೆದುಬಿಟ್ಟೆ. ಉಳಿದ ನಾಲ್ಕು ಸೆಕೆಂಡ್ ಹೊಡೀಲಿಲ್ಲ."

ಗುಬ್ಬಿ ಕಂಪ್ಯೂಟರ್ ಬಿಟ್ಟು ಅವನ ಪಕ್ಕಕ್ಕೆ ಬಂದಳು.

"ಕೇಳಿಸ್ತಲ್ಲ ಅವನಿಗೆ. ಕೇಳಿಸಿದ ಮೇಲೆ ಇನ್ನೂ ಯಾಕೆ ಅವನ ಮೇಲೆ ಕೂಗಲಿ ಅನಿಸ್ತು. ವರದಿಯಲ್ಲಿ ಮಾತ್ರ ಕೊನೇವರೆಗೂ ಹೊಡೆದೆ ಅಂತ ಬರೆದೆ. ಯಾಕೆ ಬರೆದೆ ಗೊತ್ತಿಲ್ಲ. ಎಲ್ಲರೂ ಹಾಗೇ ಬರೀತಾರೆ."

"ಹೊಡೆದಿದ್ರೆ ಅವನು ಸರಿದು ಹೋಗ್ತಿದ್ನಾ?"

"ಇಲ್ಲ." ಆಮೇಲೆ, "ಗೊತ್ತಿಲ್ಲ," ಅಂದ.

ಅವನು ಅಳಲಿಲ್ಲ. ದನಿಯೂ ಏರುಪೇರಾಗಲಿಲ್ಲ, ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಓದುವವನ ಹಾಗೆ ಹೇಳಿದ್ದ. ಗುಟ್ಟು ಹೇಳಿದರೂ ಬೀದಿಗೆ ಕೇಳುವಂಥ ಗಂಟಲಿನ ಗುಬ್ಬಿ ಈಗ ಮೆಲ್ಲಗೆ, ಪಕ್ಕದಲ್ಲಿದ್ದವನಿಗೆ ಮಾತ್ರ ಕೇಳುವ ಹಾಗೆ, "ಹೇಳಬೇಕು ಅನಿಸಿದವರಿಗೆ ಹೇಳಿಬಿಡು ಅಣ್ಣ," ಅಂದಳು. ಅವನ ಕೈಯಿಂದ ರಿಮೋಟ್ ತೆಗೆದುಕೊಂಡು ಎಂಜಿನ್ನನ್ನು ನಿಲ್ಲಿಸಿದಳು.

ಮರುದಿನ ಅವನು ಕಚೇರಿಗೆ ಹೋದ. ವಿಚಾರಣೆ ನಡೆಸಿದ್ದ ಅಧಿಕಾರಿ ಅವನನ್ನು ಕೂರಿಸಿ, ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ನನಗೆ ಗೊತ್ತು," ಅಂದರು ಕೊನೆಗೆ. "ಎಂಜಿನ್ನಿನ ದಾಖಲೆ ಪೆಟ್ಟಿಗೆಯಲ್ಲಿ ಎಲ್ಲಾ ಇದೆ. ಬ್ರೇಕ್ ಸರಿಯಾದ ಹೊತ್ತಿಗೆ ಬಿದ್ದಿದೆ, ಹಾರ್ನ್ ಆರು ಸೆಕೆಂಡ್. ನಿಯಮಕ್ಕೆ ಅಷ್ಟು ಸಾಕು. ನಿಮ್ಮನ್ನ ಮತ್ತೆ ಯಾಕೆ ಕೆದಕೋದು ಅಂತ ಸುಮ್ಮನಿದ್ದೆ."

"ಕಾಗದದಲ್ಲಿ ತಪ್ಪಿದೆ. ತಿದ್ದಬೇಕು."

ಅಧಿಕಾರಿ ಪೆನ್ನನ್ನು ಮೇಜಿನ ಮೇಲೆ ಉರುಳಿಸಿದರು. "ತಿದ್ದಬಹುದು. ಆದ್ರೆ ಒಂದು ವಿಷಯ. ತೀರಿಕೊಂಡವರ ಅಕ್ಕ ಎರಡು ಸಲ ಇಲ್ಲಿಗೆ ಬಂದಿದ್ರು. ತಮ್ಮ ಏನೋ ಗುಂಗಿನಲ್ಲಿ ಹಳಿ ದಾಟ್ತಿದ್ದ, ಗಾಡಿ ಬಂದದ್ದು ಗೊತ್ತಾಗಿರಲಿಕ್ಕಿಲ್ಲ ಅಂತ ಅವರು ನಂಬಿಕೊಂಡಿದ್ದಾರೆ. ಆ ಮನುಷ್ಯ ತಿರುಗಿ ನೋಡಿದ ಅಂತ ನೀವು ಬರೆದ್ರೆ, ಅದನ್ನ ಓದೋ ಹಕ್ಕು ಅವರಿಗಿದೆ. ಓದ್ತಾರೆ."

ಅದನ್ನು ಅವನು ಎಣಿಸಿರಲಿಲ್ಲ. ಗೋಡೆಯ ಮೇಲಿದ್ದ ವೇಳಾಪಟ್ಟಿಯನ್ನು ಸುಮಾರು ಹೊತ್ತು ನೋಡಿದ. ಸುಳ್ಳು ಇದ್ದರೆ ಆ ಹೆಂಗಸಿಗೆ ಒಳ್ಳೆಯದೋ, ನಿಜ ಇದ್ದರೆ ಒಳ್ಳೆಯದೋ, ಅವನ ತಲೆಗೆ ಹತ್ತಲಿಲ್ಲ. ಕೊನೆಗೆ ಕಾಗದ ಕೇಳಿ ತೆಗೆದುಕೊಂಡು, ನಡೆದದ್ದು ನಡೆದ ಹಾಗೆ ಐದು ಸಾಲು ಬರೆದು ಸಹಿ ಹಾಕಿದ. ಕೆಳಗೆ ತನ್ನ ಫೋನ್ ನಂಬರನ್ನೂ ಬರೆದ. "ಅವರಿಗೆ ಏನಾದ್ರೂ ಕೇಳಬೇಕು ಅನಿಸಿದ್ರೆ ಕೇಳಲಿ," ಅಂದ.

ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೆಯ ದಿನ ಸಂಜೆ, ಹೆಂಡತಿ ಕೆಲಸದಿಂದ ಬಂದು ಒಗೆದ ಬಟ್ಟೆ ಮಡಿಸುತ್ತಿದ್ದಾಗ, ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ. ತಾನು ಯಾರೆಂದು ಹೇಳಿದರು. ಓದಿದೆ ಎಂದರು.

"ಬೈಯೋಕೆ ಮಾಡಿದ್ದಲ್ಲ," ಅಂದರು ಅವರು. "ಒಂದೇ ಒಂದು ಕೇಳ್ತೀನಿ. ನಿಮ್ಮನ್ನ ನೋಡಿದಾಗ ಅವನ ಮುಖ ಹೇಗಿತ್ತು?"

ಅವನು ಕಣ್ಣು ಮುಚ್ಚಿದ. ಇಷ್ಟು ದಿನದಲ್ಲಿ ಆ ಮುಖವನ್ನು ಅವನು ಒಮ್ಮೆಯೂ ನೆನೆಸಿಕೊಂಡಿರಲಿಲ್ಲ. ನೆನೆಸಿಕೊಂಡರೆ ಅದು ಅಲ್ಲೇ ಇತ್ತು, ಏನೂ ಮಾಸಿರಲಿಲ್ಲ.

"ಹೆದರಿರಲಿಲ್ಲ ಅಮ್ಮ. ತುಂಬಾ ದಣಿದವರ ಮುಖ ಇರುತ್ತಲ್ಲ, ಹಾಗಿತ್ತು. ಶರ್ಟಿನ ಗುಂಡಿ ಎಲ್ಲಾ ಸರಿಯಾಗಿ ಹಾಕ್ಕೊಂಡಿದ್ರು."

"ಹೌದು," ಅಂದರು. "ಅವನು ಚಿಕ್ಕಂದಿನಿಂದ ಹಾಗೇ. ಮೇಲಿನ ಗುಂಡೀನೂ ಹಾಕ್ಕೋತಿದ್ದ." ಆಮೇಲೆ, "ಕೊನೆಗೆ ಅವನ ಮೇಲೆ ಕೂಗಲಿಲ್ಲ ಅಂತ ಬರೆದಿದ್ದೀರಿ. ಸರಿ." ಫೋನ್ ಇಟ್ಟರು.

ಆ 'ಸರಿ'ಗೆ ಅರ್ಥ ಕ್ಷಮಿಸಿದೆ ಎಂದೋ, ಗೊತ್ತಾಯಿತು ಎಂದಷ್ಟೆಯೋ, ಅವನಿಗೆ ತಿಳಿಯಲಿಲ್ಲ. ಹೆಂಡತಿ ಮಡಿಸುತ್ತಿದ್ದ ಬಟ್ಟೆಯನ್ನು ಬದಿಗಿಟ್ಟು, "ಯಾರು?" ಎಂದು ಕೇಳಿದಳು. ಅವನು ಕೂತು ಮೊದಲಿನಿಂದ ಎಲ್ಲವನ್ನೂ ಹೇಳಿದ. ತಿರುವು, ಆರು ಸೆಕೆಂಡ್, ನಾಲ್ಕು ಸೆಕೆಂಡ್, ಕಾಗದ. ನಡುವೆ ಒಮ್ಮೆ ಅವನ ಮಾತು ನಿಂತಿತು. ಅಳು ಬಂದದ್ದಲ್ಲ, ಮುಂದಿನ ಪದ ಸಿಗಲಿಲ್ಲ. ಅವಳು ಅವನ ಬೆನ್ನಿನ ಮೇಲೆ ಕೈಯಿಟ್ಟಳು.

ಕೈ ಇದೆ ಎಂಬುದು ಅವನಿಗೆ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, ಅದು ಬೆಚ್ಚಗಿದೆ ಎಂಬುದೂ ತಿಳಿಯಿತು.

ಗಾಡಿ ಓಡಿಸಲು ಅವನು ಮತ್ತೆ ಹೋಗಲಿಲ್ಲ. ಮುಂದಿನ ತಿಂಗಳಿಂದ ಹೊಸ ಚಾಲಕರಿಗೆ ಕಲಿಸುವ ಕೆಲಸ ಕೊಟ್ಟರು, ಒಪ್ಪಿಕೊಂಡ. ಮೊದಲ ದಿನ ಹೊರಡುವಾಗ ಹೆಂಡತಿ, ಹೇಗನಿಸ್ತಿದೆ ಎಂದು ಕೇಳಿದಳು.

"ಕಾಲಿಗೆ ಬೂಟು ಬಿಗೀತಿದೆ," ಅಂದ ಅವನು, ಮತ್ತೆ ಕೂತು ದಾರ ಸಡಿಲ ಮಾಡಿಕೊಂಡ.