ಟಾಪು ಕೊಯ್ದ ಕಾರು

"ಇಲ್ನೋಡಿ ತಾತ, ಇಲ್ಲಿ!" ಅಮರ್ ಫೋನಿನಲ್ಲಿ ಓಡುತ್ತಿದ್ದ ಹಳೇ ಸಿನಿಮಾದ ಹಾಡನ್ನು ತಟ್ಟನೆ ನಿಲ್ಲಿಸಿ ನರಸಿಂಹಯ್ಯನವರ ಮೂಗಿನ ಮುಂದೆ ಹಿಡಿದ. ನಾಯಕ ನಾಯಕಿಯರು ಅವನಿಗೆ ಬೇಕಿರಲಿಲ್ಲ. ಅವನ ಬೆರಳಿದ್ದದ್ದು ಅವರು ಕೂತಿದ್ದ ಟಾಪಿಲ್ಲದ ಅಂಬಾಸಿಡರ್ ಮೇಲೆ.

"ಕಂಪನಿಯೋರು ಇಂಥದ್ದು ಬಿಟ್ಟೇ ಇಲ್ಲ. ಯಾರೋ ಕೊಯ್ದು ಮಾಡಿರೋದು. ಅದೇ ಗಾಡಿ ಈಗ ನಿಮ್ಮನೆ ಮುಂದೆ ನಿಂತೈತೆ ತಾತ!"

ಅಮರ್ ದೇವನಹಳ್ಳಿಯಲ್ಲಿ ಕ್ಯಾಬ್ ಓಡಿಸುವವನು. ಬರುವ ಭಾನುವಾರ ನರಸಿಂಹಯ್ಯನವರ ಮೊಮ್ಮಗಳು ಚೈತ್ರಳನ್ನು ಮದುವೆಯಾಗುವವನು. ಯಾವುದೋ ತೋಟದ ಶೆಡ್ಡಿನಲ್ಲಿ ಕೊಳೆಯುತ್ತಿದ್ದ ಕಾರನ್ನು ತಂದು, ಎಂಜಿನ್ ಸರಿ ಮಾಡಿಸಿ, ಕೆಂಪು ಬಣ್ಣ ಹೊಡೆಸಿದ್ದ. ಇದನ್ನು ಮಾಡಿದವರು ಬೊಂಬಾಯಿಯವರೋ ಮದರಾಸಿನವರೋ ಅಂತ ಹಳೇ ಕಾರಿನ ಹುಚ್ಚರ ವಾಟ್ಸಾಪ್ ಗುಂಪಿನಲ್ಲಿ ವಾರದಿಂದ ಜಟಾಪಟಿ ನಡೆದಿತ್ತು. ಹೊಸಕೋಟೆ ಅಂತ ಒಬ್ಬ ಪಂಡಿತನಿಗೂ ಹೊಳೆದಿರಲಿಲ್ಲ.

ನರಸಿಂಹಯ್ಯ ಕನ್ನಡಕ ಸರಿಮಾಡಿಕೊಂಡರು. ಫೋನಿನ ಚಿತ್ರದಲ್ಲಿ, ಕಾರಿನ ಹಿಂದಕ್ಕೆ ಮಡಚಿದ ಬಟ್ಟೆ ಹುಡ್ಡಿನ ಕೀಲಿನ ಮೇಲೊಂದು ಹಿತ್ತಾಳೆ ಗುಬುಟು. ಅವರಪ್ಪನ ಜಟಕಾ ಗಾಡಿಯದು. ತಾವೇ ಕಿತ್ತು ಅಲ್ಲಿ ಕೂರಿಸಿದ್ದು.

ಮೂವತ್ತೈದು ವರ್ಷದ ಹಿಂದೆ ಹೊಸಕೋಟೆಯ ತಮ್ಮ ಟಿಂಕರಿಂಗ್ ಶೆಡ್ಡಿನಲ್ಲಿ ಮೂರೇ ದಿನದಲ್ಲಿ ಆ ಟಾಪು ಕೊಯ್ದವರು ಅವರೇ. ಅಂಥ ಕಾರಿಗೆ ಟಾಪೇ ಬೆನ್ನುಮೂಳೆ. ಅದನ್ನು ತೆಗೆದ ಮೇಲೆ ಕಾರಿನ ನೆಲದಡಿ ಉದ್ದಕ್ಕೂ ಎರಡು ಕಬ್ಬಿಣದ ಪಟ್ಟಿ ಬೆಸೆಯಲೇಬೇಕು, ಇಲ್ಲದಿದ್ದರೆ ಭಾರಕ್ಕೆ ಗಾಡಿಯ ನಡು ಬಗ್ಗುತ್ತದೆ. "ಒಂದು ಹಾಡಿಗೆ ಅಷ್ಟೇ, ಆಮೇಲೆ ಗುಜರಿಗೆ" ಎಂದಿದ್ದರು ಸಿನಿಮಾದವರು. ನರಸಿಂಹಯ್ಯ ಪಟ್ಟಿ ಬೆಸೆಯಲಿಲ್ಲ. ಮೇಲೊಂದು ಕಾರ್ಪೆಟ್ ಹಾಸಿ ಕೈತೊಳೆದುಕೊಂಡಿದ್ದರು.

"ಭಾನುವಾರ ಚೈತ್ರನ್ನ ಇದ್ರಲ್ಲೇ ಕರ್ಕೊಂಡೋಗೋದು, ಹೈವೇ ಮೇಲೆ" ಎಂದ ಅಮರ್. "ಮಾಡಿದೋರು ಸಿಕ್ಕಿದ್ರೆ ಶಾಲು ಹೊದಿಸ್ತೀವಿ ಅಂತವ್ರೆ ಗ್ರೂಪ್ನೋರು."

ನರಸಿಂಹಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಹೇಳಿದರೆ ಜೀವಮಾನದ ಹೆಸರು ಮಣ್ಣುಪಾಲು. ಹೇಳದಿದ್ದರೆ ಹೈವೇಯ ಲಾರಿಗಳ ನಡುವೆ ಚೈತ್ರ... ಅದರಾಚೆಗೆ ಯೋಚಿಸಲು ಅವರಿಗೆ ಧೈರ್ಯ ಸಾಲಲಿಲ್ಲ.

"ಅದು ನಾನೇ ಮಾಡಿದ್ದು ಕಣಪ್ಪಾ. ಆದ್ರೆ..."

ಆ 'ಆದ್ರೆ' ಯಾರಿಗೂ ಕೇಳಿಸಲಿಲ್ಲ. ಅಮರ್ ಅವರನ್ನು ಬಾಚಿ ತಬ್ಬಿಕೊಂಡ. ಗುಂಪಿಗೆ ಸುದ್ದಿ ಹಾಕಿಯೇ ಬಿಟ್ಟ. ಚೈತ್ರ ಅಡುಗೆಮನೆಯಿಂದ ಓಡಿ ಬಂದಳು, ಅವಳ ಹಿಂದೆ ತಾಯಿ ಪ್ರಮೋದಾ. ಫೋಟೋ ತೆಗೆಯಬೇಕೆಂದು ಎಲ್ಲರೂ ಅಂಗಳಕ್ಕೆ ಇಳಿದರು.

ನರಸಿಂಹಯ್ಯ ಹಳೇ ಟೂಲ್ ಪೆಟ್ಟಿಗೆಯಿಂದ ಗರಗಸದ ಬ್ಲೇಡೊಂದನ್ನು ಹುಡುಕಿ ತಂದರು. ಕಾರಿನ ಮುಂದಿನ ಬಾಗಿಲಿಗೂ ಅದು ಕೂರುವ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಇಳಿಸಿ ನೋಡಿದರು. ಸಲೀಸಾಗಿ ಆಡಿತು.

"ಹತ್ತಿ, ಎಲ್ರೂ ಹತ್ತಿ" ಎಂದರು. ಅವರ ದನಿ ಅವರಿಗೇ ಗುರುತು ಸಿಗಲಿಲ್ಲ.

ಅಮರ್ ಸ್ಟಿಯರಿಂಗ್ ಹಿಡಿದ. ಪಕ್ಕದಲ್ಲಿ ಚೈತ್ರ, ಹಿಂದೆ ಪ್ರಮೋದಾ ಮತ್ತು ಪಕ್ಕದ ಮನೆಯ ದಪ್ಪನೆಯ ಮುನಿವೆಂಕಟಮ್ಮ. ಒಳಗೆಲ್ಲೋ ಕಬ್ಬಿಣ ಸಣ್ಣಗೆ ನರಳಿತು. ನರಸಿಂಹಯ್ಯ ಬ್ಲೇಡು ಎಳೆದರು. ಬರಲಿಲ್ಲ. ಎರಡೂ ಕೈ ಹಾಕಿ ಎಳೆದರೂ ಕದಲಲಿಲ್ಲ.

"ಯಾಕ್ ತಾತ, ಹಂಗೆ ಬೆವರ್ತಿದೀಯ?" ಎನ್ನುತ್ತ ಇಳಿಯಲು ಹೋದ ಚೈತ್ರ ಬಾಗಿಲನ್ನು ಒಮ್ಮೆ ತಳ್ಳಿದಳು. ಭುಜ ಕೊಟ್ಟು ತಳ್ಳಿದಳು. ನಗು ನಿಂತಿತು. "ತಾತ, ಬಾಗ್ಲು ತೆಗಿಯಕ್ಕಾಗ್ತಿಲ್ಲ."

"ಗಾಡಿ ನಡು ಬಗ್ಗಿ ಬಾಗ್ಲು ಕಚ್ಕೊಂಡೈತೆ ಕಣವ್ವಾ. ಕೆಳಗೆ ಪಟ್ಟಿ ಹಾಕ್ಲೇ ಇಲ್ಲ ನಾನು. ಈ ಪಾಪಿ ಕೈಯಿಂದ ಆದ ತಪ್ಪು" ಎಂದರು ನರಸಿಂಹಯ್ಯ. "ಮೇಲಿಂದ ದಾಟಿ, ಒಬ್ಬೊಬ್ರೇ ಇಳೀರಿ."

ಅಮರ್ ಮೊದಲು ಹಾರಿ ಇಳಿದ. ಮುನಿವೆಂಕಟಮ್ಮನನ್ನು ಹಿಡಿದು ಇಳಿಸಿದ, ಆಮೇಲೆ ಪ್ರಮೋದಾಳನ್ನು. ಕಡೆಗೆ ಚೈತ್ರ ಸೀರೆ ಎತ್ತಿಕೊಂಡು ಬಾಗಿಲ ಮೇಲಿಂದ ತಾತನ ಹೆಗಲು ಹಿಡಿದು ನೆಲಕ್ಕೆ ಕಾಲಿಟ್ಟಳು. ಬ್ಲೇಡು ತಾನಾಗಿ ಸಡಿಲಗೊಂಡು ಕಲ್ಲುಚಪ್ಪಡಿಯ ಮೇಲೆ ಠಣ್ಣೆಂದು ಬಿತ್ತು.

ಅಮರ್‌ನ ಜೇಬಿನಲ್ಲಿ ಫೋನು ಒಂದೇ ಸಮನೆ ಟಿಂಗ್ ಟಿಂಗ್ ಅನ್ನುತ್ತಿತ್ತು. ಗುಂಪಿನವರ ಅಭಿನಂದನೆಗಳು ಬರುತ್ತಲೇ ಇದ್ದವು.