ಸ್ಟೇರಿಂಗಿನ ತೋಳು

ದನದ ಡಾಕ್ಟರಮ್ಮನ ಟ್ರಕ್ಕು ಅವಳಿಗಿಂತ ಹತ್ತು ವರ್ಷ ದೊಡ್ಡದು. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲ ಹೋಗುವ ಹಳೇ ಗಾಡಿ. ಬೆಟ್ಟದ ಮೇಲಿನ ಕೊಟ್ಟಿಗೆಗಳ ದಾರಿಯಲ್ಲಿ ಕಲ್ಲು ಹೊಟ್ಟೆಗೆ ತಗಲುತ್ತದೆ ಅಂತ ಹೋದ ವರ್ಷ ಯಾರ ಕೈಯಲ್ಲೋ ಸ್ಪ್ರಿಂಗ್ ಪಟ್ಟಿ ಬದಲಾಯಿಸಿ ನಾಲ್ಕಿಂಚು ಎತ್ತರ ಮಾಡಿಸಿದ್ದಳು. ಅಂದಿನಿಂದ ಸ್ಟೇರಿಂಗಿಗೆ ಹುಚ್ಚು ಹಿಡಿದಿತ್ತು. ಗುಂಡಿ ಸಿಕ್ಕರೆ ಸಾಕು, ಹೇಳದೆ ಕೇಳದೆ ಎಡಕ್ಕೆ ಎಳೆಯುತ್ತಿತ್ತು. ಶನಿವಾರ ಇಳಿಜಾರಿನಲ್ಲಿ ಮುಂದಿನ ಚಕ್ರಗಳು ಚಳಿಜ್ವರ ಬಂದಂತೆ ನಡುಗಿದ ಮೇಲೆ, ಭಾನುವಾರ ಬೆಳಿಗ್ಗೆಯೇ ಅಕ್ಕನ ಮನೆ ಹಿಂದಿನ ಶೆಡ್ಡಿಗೆ ತಂದು ನಿಲ್ಲಿಸಿದಳು. ಅಕ್ಕನ ಗಂಡ ಮೆಕ್ಯಾನಿಕ್ಕು.

"ಭಾವನ್ನ ಬಿಟ್ಟು ಬೇರೆಯವರ ಹತ್ರ ಎತ್ತಿಸಿದ್ಯಲ್ಲ, ಅನುಭವಿಸು," ಅಂದ ಭಾವ. "ಗಾಡಿ ಮೇಲೆ ಹೋಯ್ತು, ಸ್ಟೇರಿಂಗಿನ ರಾಡು ಕೆಳಗೇ ಉಳೀತು. ಈಗದು ಜಾರುಬಂಡೆ ಥರ ಓರೆಯಾಗಿದೆ. ನಾನು ತಿರುಗಿಸ್ತೀನಿ, ನೀನು ಕೆಳಗೆ ಮಲಗಿ ನೋಡು."

ಅವಳು ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ನುಸುಳಿದಳು. ಮೇಲೆ ಭಾವ ಸ್ಟೇರಿಂಗ್ ತಿರುಗಿಸಿದ. ರಾಡಿನ ತುದಿ ಲಟಕ್ ಅಂದಿತು; ಚಕ್ರ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಭಾವ ಇಳಿದು ಬಂದು ಆ ತುದಿಯ ನಟ್ಟು ಬಿಚ್ಚಿ, ಜಾಯಿಂಟು ಬಿಡಿಸಲು ಸುತ್ತಿಗೆ ಎತ್ತಿದ. ಹೊಡೆಯುವ ಮೊದಲೇ ಅದು ಕಳಚಿ ಅವಳ ಅಂಗೈ ಮೇಲೆ ಬಿತ್ತು. ನೆಲ್ಲಿಕಾಯಿ ಗಾತ್ರದ ಕಬ್ಬಿಣದ ಗುಂಡು. ದುಂಡಗಿರಬೇಕಾದದ್ದು ಸವೆದು ಮೊಟ್ಟೆಯಾಗಿತ್ತು.

"ನಿನ್ನೆ ಎಲ್ಲಿಂದ ಬಂದೆ?"

"ಬೆಟ್ಟದಿಂದ. ಹದಿನಾರು ತಿರುವು."

ಭಾವ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಹಸುಗಳ ಸೊಂಟದ ಕೀಲು ಎಷ್ಟೋ ನೋಡಿದವಳು ಅವಳು. ತನ್ನ ಜೀವವೂ ಅಂಥದೇ ಒಂದು ಗುಂಡಿನ ಮೇಲೆ ನೇತಾಡಿಕೊಂಡು ಓಡಾಡುತ್ತಿತ್ತು ಅಂತ ಮಾತ್ರ ಹೊಳೆದೇ ಇರಲಿಲ್ಲ.

ಇನ್ನು ತೋಳು. ಸ್ಟೇರಿಂಗ್ ಪೆಟ್ಟಿಗೆಯಿಂದ ಇಳಿದು ರಾಡನ್ನು ಆಡಿಸುವ ಗೇಣುದ್ದದ ಕಬ್ಬಿಣ ಅದು. ಅದರ ಜಾಗಕ್ಕೆ ಕೆಳಮುಖವಾಗಿ ಬಾಗಿದ ಹೊಸ ತೋಳು ಬಂದರೆ ರಾಡು ಮಟ್ಟವಾಗುತ್ತದೆ. ಹಳೆಯದೋ, ಕಚ್ಚಿ ಹಿಡಿದಿತ್ತು. ಭಾವ ಅದನ್ನು ಎಳೆದು ಕೀಳುವ ಪುಲ್ಲರ್ ಹಾಕಿ ಬಿಗಿದ. ಸ್ಪ್ಯಾನರಿಗೆ ಪೈಪು ತೊಡಿಸಿ, ಇಬ್ಬರೂ ಜೋತುಬಿದ್ದು ಬಿಗಿದರು. ಅಲುಗಲಿಲ್ಲ.

"ಸಾಕು, ಈಚೆ ಬಾ. ಇನ್ನು ಕಾಯೋದೇ ಕೆಲಸ."

"ತಾನಾಗೇ ಬರುತ್ತಾ?"

"ಬಿಗಿಯಾಗಿ ಎಳೆದು ಬಿಟ್ಟಿದೀವಲ್ಲ. ಅದಕ್ಕೆ ಮನಸ್ಸು ಬಂದಾಗ ಬರುತ್ತೆ."

ಅಕ್ಕ ಟೀ ತಂದಳು. ಮೂವರೂ ಬಾಗಿಲ ಬಳಿ ಕೂತು ಅರ್ಧ ಲೋಟ ಕುಡಿದಿದ್ದರೋ ಇಲ್ಲವೋ, ಮುಟ್ಟುವವರಿಲ್ಲದ ಗಾಡಿಯ ಅಡಿಯಿಂದ ಢಮ್ ಅಂತ ಸದ್ದು! ಅಕ್ಕನ ಸೀರೆಯ ಮೇಲೆ ಟೀ ಚೆಲ್ಲಿತು. "ನಿಮ್ಮ ರಿಪೇರಿಗೆ ನನ್ನೆದೆ ಒಡೆದುಹೋಗ್ಲಿ!" ಎಂದು ಬೈದರೂ ಬಗ್ಗಿ ನೋಡಿದವಳು ಅವಳೇ ಮೊದಲು.

ತೋಳು ಬಿಟ್ಟುಕೊಟ್ಟಿತ್ತು. ಹೊರಗೆಲ್ಲ ಕೆಸರು, ತುಕ್ಕು. ಆದರೆ ಅದು ಮುಚ್ಚಿಕೊಂಡಿದ್ದ, ಪೆಟ್ಟಿಗೆಯಿಂದ ಹೊರಚಾಚಿದ ದಂಡದ ಹಲ್ಲುಗಳು ಈಗಷ್ಟೇ ಕಡೆದಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಒಂದು ಹಲ್ಲಿನ ಮೇಲೆ ಕುಂಚದಿಂದ ಎಳೆದ ಪುಟ್ಟ ಹಳದಿ ಗೆರೆ.

"ಯಾರು ಬಳಿದಿದ್ದು?" ತಾನೇಕೆ ಪಿಸುಗುಟ್ಟುತ್ತಿದ್ದೇನೆಂದು ಡಾಕ್ಟರಮ್ಮನಿಗೇ ತಿಳಿಯಲಿಲ್ಲ.

"ಫ್ಯಾಕ್ಟರಿಯಲ್ಲಿ ಯಾವನೋ ಪುಣ್ಯಾತ್ಮ. ತೋಳು ನೆಟ್ಟಗೆ ಕೂರಲಿ ಅಂತ ಗುರುತು. ನೀನಿನ್ನೂ ಹುಟ್ಟಿರಲಿಲ್ಲ. ಆಮೇಲೆ ಇದನ್ನ ನೋಡ್ತಿರೋರು ನಾವೇ ಮೂವರು."

ಹೆಸರು ಮುಖ ಗೊತ್ತಿಲ್ಲದ ಒಬ್ಬ ಮನುಷ್ಯ, ಯಾವುದೋ ಒಂದು ದಿನ, ಕೈ ನಡುಗಿಸದೆ ಎಳೆದ ಗೆರೆ. ಅವಳು ಒರೆಸಲು ಹಿಡಿದಿದ್ದ ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಳು.

ಭಾವ ಆ ಗೆರೆಗೇ ಸರಿಯಾಗಿ ಹೊಸ ತೋಳು ಕೂರಿಸಿದ. ಹೊಸ ಗುಂಡುಗಳ ನಟ್ಟು ಬಿಗಿದ. ನಟ್ಟು ಜಾರದಂತೆ ತೂರಿಸುವ ಪಿನ್ನಿಗೆ ಅವನ ದಪ್ಪ ಬೆರಳು ಹೋಗದೆ, ಅವಳೇ ಕೈ ತೂರಿಸಿ ಕಣ್ಣುಮುಚ್ಚಿ ತಡವಿ ಹಾಕಿದಳು. "ಕರು ಎಳೆಯೋ ಕೈ ಕಣೇ ಇದು!" ಅಂದ. ಮುಂದಿನ ಎರಡು ಚಕ್ರಗಳ ನಡುವಿನ ಅಂತರ ಟೇಪಿನಲ್ಲಿ ಮುಂದೊಮ್ಮೆ, ಹಿಂದೊಮ್ಮೆ ಅಳೆದು ಸರಿಮಾಡುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು.

ಇಬ್ಬರೂ ಹತ್ತಿ ಹೊರಟರು. ಊರಾಚೆಯ ರಸ್ತೆಯಲ್ಲಿ ಗುಂಡಿಗಳ ಸಾಲು. ಅವಳು ಹಲ್ಲುಕಚ್ಚಿ ಮೊದಲನೆಯದಕ್ಕೆ ಇಳಿಸಿದಳು. ಗಾಡಿ ಕುಲುಕಿತು, ಎದ್ದಿತು, ನೇರ ಹೋಯಿತು. ಎರಡನೆಯದು, ಮೂರನೆಯದು. ಅಷ್ಟೆತ್ತರದ, ಅಷ್ಟು ಭಾರದ ಗಾಡಿ ಅವಳ ಎರಡು ಬೆರಳಿನ ಮಾತು ಕೇಳುತ್ತಿತ್ತು.

ಭಾವ ಕಿಟಕಿಯಿಂದ ತಲೆ ಹೊರಹಾಕಿ ಮುಂದಿನ ಚಕ್ರವನ್ನೇ ನೋಡುತ್ತಿದ್ದ. ರಸ್ತೆ ಮುಗಿಯುವಲ್ಲಿ ತಲೆ ಒಳಗೆಳೆದುಕೊಂಡು ಮೆಲ್ಲಗೆ, "ಇನ್ನೊಂದು ಸಲ ಹೋಗೋಣ್ವಾ?" ಅಂದ.

ಅವಳಾಗಲೇ ತಿರುಗಿಸುತ್ತಿದ್ದಳು.